ಬಾಲಕ್ರೀಡನಕಗಳೂ ಸ್ತ್ರೀಪುರುಷವಿಭಾಗವೂ

ಗೊಂಬೆಯು ಹೆಣ್ಣುಮಗುವಿಗೆ ಉಚಿತವಾದುದು, ಚೆಂಡು ಬಂಡಿಗಳು ಗಂಡುಮಗುವಿಗೆ ಉಚಿತವಾದುವು ಎಂಬ ವಿಭಾಗವು ಸ್ವಭಾವಸಿದ್ಧವೆಂದೂ ಅನಾದಿಯಾದುದೆಂದೂ ಲೋಕದಲ್ಲಿ ಭಾವಿಸುವುದುಂಟು. ಸಂಸ್ಕೃತವಾಙ್ಮಯದಲ್ಲಿ ದೊರೆಯುವ ಸಾಕ್ಷ್ಯಗಳನ್ನು ಒಂದೆಡೆ ಸೇರಿಸಿ ಪರಾಮರ್ಶಿಸಿದರೆ ಈ ಭಾವನೆಯು ಪೂರ್ಣವಾಗಿ ನಿಲ್ಲುವಂತೆ ತೋರುವುದಿಲ್ಲ. ಭೇದವು ಆಟಿಕೆಯಲ್ಲಿದ್ದುದಕ್ಕಿಂತ ಆಟದಿಂದ ಹಿರಿಯರು ನಿರೀಕ್ಷಿಸಿದ ಫಲದಲ್ಲಿಯೇ ಹೆಚ್ಚಾಗಿದ್ದಿತೆಂಬುದು ಆ ಸಾಕ್ಷ್ಯಗಳಿಂದ ವಿದಿತವಾಗುತ್ತದೆ.

ಗ್ರಂಥಗಳಿಗಿಂತ ಪ್ರಾಚೀನವಾದುವು ಭೂಮಿಯಲ್ಲಿ ದೊರೆತ ವಸ್ತುಗಳು. ಸಿಂಧೂ ಕಣಿವೆಯ ನಾಗರಿಕತೆಗೆ ಸೇರಿದ ಚನ್ಹುದಾರೋ ಎಂಬಲ್ಲಿ ಮ್ಯಾಕೇ ಎಂಬ ವಿದ್ವಾಂಸರು 1935-36ರಲ್ಲಿ ನಡೆಸಿದ ಉತ್ಖನನದಲ್ಲಿಯೂ, ಆ ಕಾಲದ ಇತರ ನಿವೇಶನಗಳಲ್ಲಿಯೂ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು, ಹಕ್ಕಿಯಾಕಾರದ ಸೀಟಿಗಳು, ತಲೆಯಾಡಿಸುವ ಎತ್ತುಗಳು ಮೊದಲಾದುವು ದೊರೆತಿವೆ. ಆದರೆ ವಸ್ತುವು ತನ್ನನ್ನು ಆಡಿಸಿದ ಕೈ ಯಾರದೆಂದು ನುಡಿಯಲಾರದು. ಅದನ್ನು ನುಡಿಯುವುದು ಗ್ರಂಥವೊಂದೇ.

ಕಾಳಿದಾಸನು ಕುಮಾರಸಂಭವದ ಪ್ರಥಮಸರ್ಗದಲ್ಲಿ ಬಾಲೆಯಾದ ಪಾರ್ವತಿಯ ಆಟಗಳನ್ನು ಹೇಳುವಾಗ ಮೂರನ್ನು ಎಣಿಸುತ್ತಾನೆ: ಮಂದಾಕಿನಿಯ ಮರಳಿನಲ್ಲಿ ವೇದಿಕೆಗಳನ್ನು ಕಟ್ಟುವುದು, ಕಂದುಕ, ಕೃತ್ರಿಮಪುತ್ರಕ. ಗೊಂಬೆಯೊಡನೆ ಚೆಂಡೂ ಇಲ್ಲಿ ಹೆಣ್ಣುಮಗುವಿನದೇ. ಅದೇ ಕವಿಯ ಶಾಕುಂತಲದ ಏಳನೆಯ ಅಂಕದಲ್ಲಿ ಸಿಂಹದ ಮರಿಯನ್ನು ಎಳೆದಾಡುತ್ತಿದ್ದ ಸರ್ವದಮನನನ್ನು ಬಿಡಿಸಲು ತಾಪಸಿಯರು ತರಿಸುವುದು ಬಿಲ್ಲನ್ನೂ ಅಲ್ಲ, ಕತ್ತಿಯನ್ನೂ ಅಲ್ಲ; ಬಣ್ಣ ಹಚ್ಚಿದ ಮಣ್ಣಿನ ನವಿಲನ್ನು. ಆ ನವಿಲೂ ಋಷಿಕುಮಾರನೊಬ್ಬನ ಆಟಿಕೆ. ಶೂದ್ರಕನ ಮೃಚ್ಛಕಟಿಕದಲ್ಲಿ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಗಾಗಿ ಅಳುತ್ತಾನೆ. ಅಲ್ಲಿ ಮಕ್ಕಳನ್ನು ಬೇರ್ಪಡಿಸುವುದು ಸಿರಿತನ ಬಡತನಗಳೇ ಹೊರತು ಮತ್ತೊಂದಲ್ಲ.

ಇನ್ನು ಫಲವನ್ನು ನೋಡತಕ್ಕದ್ದು. ಮಹಾಭಾರತದ ಆದಿಪರ್ವದಲ್ಲಿ ಕುರುಕುಮಾರರು ಆಡುತ್ತಿರುವಾಗ ವೀಟೆಯು ಬಾವಿಗೆ ಬೀಳುತ್ತದೆ; ದ್ರೋಣನು ದರ್ಭೆಯ ಕಡ್ಡಿಗಳಿಂದ ಅದನ್ನೆತ್ತಿಕೊಟ್ಟು ಅವರಿಗೆ ಅಸ್ತ್ರಗುರುವಾಗುತ್ತಾನೆ. ಆಟವು ಗಂಡುಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆಯಿತು. ದಂಡಿಯ ದಶಕುಮಾರಚರಿತದಲ್ಲಿ ದಾಮಲಿಪ್ತದ ರಾಜಪುತ್ರಿ ಕಂದುಕಾವತಿಯು ಚೆಂಡಾಟದಲ್ಲಿ ಅಸಾಧಾರಣ ಕೌಶಲವುಳ್ಳವಳು. ಹಸ್ತಲಾಘವದಲ್ಲಿ ಯಾವ ಕುಮಾರನಿಗೂ ಕಡಿಮೆಯಾದವಳಲ್ಲ. ಆದರೆ ಆಕೆಯು ಏಳನೆಯ ವಯಸ್ಸಿನಿಂದ ಮೊದಲುಗೊಂಡು ವಿವಾಹದವರೆಗೆ ಪ್ರತಿಮಾಸವೂ ಕೃತ್ತಿಕಾನಕ್ಷತ್ರದ ದಿನ ದೇವಿಯ ಮುಂದೆ ಕಂದುಕನೃತ್ಯವನ್ನು ಮಾಡಬೇಕಾದುದು ಗುಣವಂತನಾದ ಪತಿಯ ಲಾಭಕ್ಕಾಗಿ. ಆಟದಿಂದ ಒಂದೆಡೆ ದೊರೆತವನು ಗುರು, ಮತ್ತೊಂದೆಡೆ ದೊರೆಯಬೇಕಾದವನು ಗಂಡ.

ವಾತ್ಸ್ಯಾಯನನ ಕಾಮಸೂತ್ರದಲ್ಲಿ ಈ ಅಭಿಪ್ರಾಯವು ಮತ್ತಷ್ಟು ಸ್ಫುಟವಾಗಿದೆ. ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಬಾಲಕ್ರೀಡನಕಗಳಿಗೂ ಸ್ಥಾನವನ್ನಿತ್ತ ಈ ಶಾಸ್ತ್ರಕಾರನು ಕನ್ಯಾಸಂಪ್ರಯುಕ್ತಕವೆಂಬ ಅಧಿಕರಣದಲ್ಲಿ ಬಾಲೆಯರ ಆಟಗಳನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ: ಹೂವಾಯುವುದು, ಮಾಲೆ ಕಟ್ಟುವುದು, ಪುಟ್ಟ ಮನೆಗಳನ್ನು ಕಟ್ಟುವುದು, ಅನ್ನ ಬೇಯಿಸುವುದು, ಷಟ್ಪಾಷಾಣಕವೆಂಬ ಆರು ಕಲ್ಲುಗಳ ಆಟ, ಸುನಿಮೀಲಿತಕೆಯೆಂಬ ಕಣ್ಣುಮುಚ್ಚಾಲೆ, ನೂಲು, ಮರ, ಕೊಂಬು, ದಂತ, ಮೇಣ, ಹಿಟ್ಟು, ಮಣ್ಣುಗಳಿಂದ ಮಾಡಿದ ಗೊಂಬೆಗಳು. ಪ್ರಾಚೀನ ಆಟಗಳ ಇಷ್ಟು ಸಮೃದ್ಧವಾದ ವರ್ಣನೆಯು ವಿರಳ. ಆದರೆ ಇದರ ಉದ್ದೇಶವು ಮಕ್ಕಳ ವಿನೋದವಲ್ಲ. ವರನಾಗಬಯಸುವವನು ಬಾಲೆಯನ್ನು ಒಲಿಸಿಕೊಳ್ಳುವ ಉಪಾಯಗಳಿವು. ಗೊಂಬೆಗೆ ಆತನು ಬಳಸಿರುವ ಹೆಸರೂ ಗಮನಾರ್ಹವಾಗಿದೆ. ದುಹಿತೃಕೆಯೆಂದರೆ ಪುಟ್ಟ ಮಗಳು. ಕಾಳಿದಾಸನ ಪುತ್ರಕನು ಪುಟ್ಟ ಮಗ. ಆಟಿಕೆಯ ಹೆಸರೇ ಆಡುವ ಬಾಲೆಯನ್ನು ತಾಯಿಯನ್ನಾಗಿ ಮಾಡುತ್ತದೆ. ಮಯೂರ, ಶಕಟಿಕೆ, ವೀಟೆಗಳೆಂಬ ಹೆಸರುಗಳು ಗಂಡುಮಗುವನ್ನು ತಂದೆಯನ್ನಾಗಿ ಮಾಡುವುದಿಲ್ಲ.

ಈ ವಿಭಾಗವನ್ನು ಸಡಿಲಿಸುವ ಪ್ರಸಂಗವೊಂದು ವಿರಾಟಪರ್ವದಲ್ಲಿದೆ. ಯುದ್ಧಕ್ಕೆ ಹೊರಟ ಬೃಹನ್ನಳೆಯನ್ನು ಕುರಿತು ಉತ್ತರೆಯೂ ಆಕೆಯ ಸಖಿಯರೂ ತಮ್ಮ ಗೊಂಬೆಗಳಿಗಾಗಿ ಕೌರವರ ನವುರಾದ ಚಿತ್ರವಸ್ತ್ರಗಳನ್ನು ತರುವಂತೆ ಬೇಡುತ್ತಾರೆ. ಅರ್ಜುನನು ಸಮ್ಮೋಹನಾಸ್ತ್ರದಿಂದ ಶತ್ರುಗಳನ್ನು ಮೂರ್ಛೆಗೊಳಿಸಿದ ಮೇಲೆ ಆ ಮಾತನ್ನು ನೆನೆದು, ದ್ರೋಣಕೃಪರ ಬಿಳಿಯ, ಕರ್ಣನ ಹಳದಿಯ, ಅಶ್ವತ್ಥಾಮದುರ್ಯೋಧನರ ನೀಲಿಯ ವಸ್ತ್ರಗಳನ್ನು ತೆಗೆದುಕೊಳ್ಳುವಂತೆ ರಾಜಕುಮಾರನಿಗೆ ಹೇಳುತ್ತಾನೆ. ಹೆಣ್ಣುಡುಗೆಯಲ್ಲಿದ್ದ ವೀರನು ಗೊಂಬೆಯಾಟವನ್ನು ಹಗುರವೆಂದೆಣಿಸಲಿಲ್ಲ. ವೀರರ ಮೈಮೇಲಿದ್ದ ಬಟ್ಟೆಯು ಗೊಂಬೆಯ ಉಡುಗೆಯಾಯಿತು.

ಇಷ್ಟಾದರೂ ಬಾಲೆಯರ ಪಾಲಿಗೆ ಆಟದ ಮನೆಗೂ ನಿಜವಾದ ಮನೆಗೂ ಇದ್ದ ಅಂತರವು ಬಹುಕಾಲ ಅತ್ಯಲ್ಪವಾಗಿದ್ದಿತು. ಎಂಟು ವರ್ಷದ ಕನ್ಯೆಗೆ ಗೌರಿಯೆಂಬ ಸಂಜ್ಞೆಯನ್ನಿತ್ತು ಆಕೆಯ ದಾನವನ್ನು ಹೊಗಳಿದ ಸ್ಮೃತಿವಚನಗಳು ರೂಢಿಯಲ್ಲಿದ್ದಾಗ, ಗೊಂಬೆಯ ಮದುವೆ ಮಾಡಿದ ಹುಡುಗಿಯು ಅನತಿಕಾಲದಲ್ಲಿಯೇ ತಾನು ಹಸೆಯೇರುವುದು ಅಪೂರ್ವವಾಗಿರಲಿಲ್ಲ. ಮೈಸೂರು ಸಂಸ್ಥಾನವು 1894ರಲ್ಲಿ 8 ವರ್ಷದೊಳಗಿನ ಬಾಲೆಯರ ವಿವಾಹವನ್ನು ನಿಷೇಧಿಸಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಶಾಸನವು ಕನ್ಯೆಯ ವಯಸ್ಸನ್ನು 14ಕ್ಕೆ ಏರಿಸಿತು. 1978ರಲ್ಲಿ ಅದು 18 ಆಯಿತು. ಮದುವೆಯಲ್ಲಿ ಮಗಳಿಗೆ ಪಟ್ಟದ ಗೊಂಬೆಗಳ ಜೋಡಿಯನ್ನು ಕೊಟ್ಟು ಕಳುಹಿಸುವ ಮೈಸೂರು ಸೀಮೆಯ ಪದ್ಧತಿಯು, ದಸರೆಯಲ್ಲಿ ಅವುಗಳನ್ನು ಕೂರಿಸುವ ಸಂಭ್ರಮದೊಡನೆ ಇಂದಿಗೂ ಉಳಿದಿದೆ. ಎಂಟರ ಬಾಲೆಗೆ ಆ ಗೊಂಬೆಯು ಕಳೆದುಹೋದ ಆಟದ ಶೇಷವಾಗಿದ್ದಿರಬೇಕು. ಪ್ರೌಢೆಯಾದ ವಧುವಿಗೆ ಅದು ತವರಿನ ನೆನಪು.

ಇದರಿಂದ ನಿಷ್ಪನ್ನವಾಗುವುದೇನೆಂದರೆ, ಗೊಂಬೆಯಾಗಲಿ ಚೆಂಡಾಗಲಿ ಸ್ವತಃ ದೋಷಯುಕ್ತವಲ್ಲ. ಪಾರ್ವತಿಯ ಕೈಯಲ್ಲಿ ಚೆಂಡೂ, ಋಷಿಕುಮಾರನ ಕೈಯಲ್ಲಿ ಬಣ್ಣದ ನವಿಲೂ ಶೋಭಿಸಿದುವು. ಮಗುವು ಆಡುವುದು ಆಟಕ್ಕಾಗಿ. ಅದಕ್ಕೆ ಬೇರೊಂದು ಫಲವನ್ನು ಕಟ್ಟುವವರು ಹಿರಿಯರು. ಆ ಫಲವನ್ನು ಒಬ್ಬರಿಗೆ ವಿದ್ಯೆಯೆಂದೂ ಮತ್ತೊಬ್ಬರಿಗೆ ವಿವಾಹವೆಂದೂ ವಿಭಾಗಿಸಿದುದರಲ್ಲಿಯೇ ಭೇದದ ಮೂಲವಿರುವುದರಿಂದ, ಆಟಿಕೆಗಳನ್ನು ಬದಲಿಸಿದ ಮಾತ್ರದಿಂದ ಅದು ನೀಗುವುದಿಲ್ಲ. ಬದಲಾಗಬೇಕಾದುದು ಆ ನಿರೀಕ್ಷೆ.