ಕಪ್ಪುಜನ ಅನ್ನೋ ಪದವೇ ಇಲ್ಲದೆ ಕಪ್ಪುಜನರ ಓಟು ಕಿತ್ತುಕೊಂಡ ಸಂವಿಧಾನ: ಅಲಬಾಮಾ ಕಥೆ



"ಕಾನೂನಲ್ಲಿ ಎಲ್ಲಿ ಜಾತಿ ಅಂತ ಬರೆದಿದೆ ತೋರ್ಸಿ" ಅಂತ ನಮ್ಮನ್ನ ಕೇಳೋರು ಬಹಳ ಜನ. ಅವರಿಗೆ ಉತ್ತರ ಅಮೆರಿಕದ ಅಲಬಾಮಾ ರಾಜ್ಯದ ಇತಿಹಾಸದಲ್ಲಿದೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ, ತನ್ನದೇ ಸುಪ್ರೀಂ ಕೋರ್ಟು. ಗುಲಾಮಗಿರಿ ಹೋದ ಮೇಲೆ, 1870ರ 15ನೇ ತಿದ್ದುಪಡಿ ಬಣ್ಣದ ಕಾರಣಕ್ಕೆ ಯಾರ ಓಟನ್ನೂ ಕಿತ್ತುಕೊಳ್ಳಬಾರದು ಅಂತ ಹೇಳಿತು. ಹಾಗಾದ್ರೆ ಬಣ್ಣದ ಹೆಸರೇ ಎತ್ತದೆ ಕಿತ್ತುಕೊಳ್ಳೋದು ಹೇಗೆ? ಆ ದಾರಿ ಹುಡುಕೋಕೆ 1901ರಲ್ಲಿ ಅಲಬಾಮಾದಲ್ಲಿ ಸಂವಿಧಾನ ಸಭೆ ಸೇರಿತು. 155 ಸದಸ್ಯರು, ಎಲ್ಲರೂ ಬಿಳಿಯ ಗಂಡಸರು. ಬಿಳಿಯರ ಮೇಲುಗೈಯನ್ನು ಕಾನೂನಿನ ಮೂಲಕವೇ ಸ್ಥಾಪಿಸುವುದು ಉದ್ದೇಶ ಅಂತ ಅಧ್ಯಕ್ಷ ಜಾನ್ ನಾಕ್ಸ್ ಸಭೆಯಲ್ಲೇ ಹೇಳಿದ. ಮುಚ್ಚುಮರೆ ಇರಲಿಲ್ಲ.

ಆದ್ರೆ ಬರೆದ ನಿಯಮ ನೋಡಿ. ಓದು ಬರಹ ಬರಬೇಕು, ಇಲ್ಲ 40 ಎಕರೆ ಜಮೀನೋ 300 ಡಾಲರ್ ಆಸ್ತಿಯೋ ಇರಬೇಕು. ವರ್ಷಕ್ಕೆ ಒಂದೂವರೆ ಡಾಲರ್ ತಲೆಗಂದಾಯ ಕಟ್ಟಬೇಕು, ಬಾಕಿ ಉಳಿದ್ರೆ ಸೇರ್ತಾ ಸೇರ್ತಾ 36 ಡಾಲರ್‌ವರೆಗೂ ಹೋಗುತ್ತೆ. ಮೊದಲ ಒಂದು ವರ್ಷ ಮಾತ್ರ ಒಂದು ಕಿಟಕಿ ತೆರೆದಿಟ್ಟರು: ಯುದ್ಧದಲ್ಲಿ ಸೇವೆ ಮಾಡಿದವರು, ಅವರ ವಂಶಸ್ಥರು, "ಒಳ್ಳೆ ನಡತೆ"ಯವರು ಈ ಪರೀಕ್ಷೆ ಇಲ್ಲದೆ ಹೆಸರು ಸೇರಿಸಬಹುದು. ನಡತೆ ಒಳ್ಳೇದೋ ಕೆಟ್ಟದ್ದೋ ಅಂತ ತೀರ್ಮಾನಿಸೋದು ಯಾರು? ನೋಂದಣಿ ಮಾಡುವ ಬಿಳಿಯ ಅಧಿಕಾರಿ.

ನಾನು ಗುಮಾಸ್ತ, ಫೈಲುಗಳ ಮಧ್ಯೆ ಬದುಕೋನು. ನಿಯಮ ಎಷ್ಟು ಮುಖ್ಯವೋ, "ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು" ಅನ್ನೋ ಸಾಲು ಅದಕ್ಕಿಂತ ಮುಖ್ಯ. ಬಾಗಿಲು ತೆಗೆಯೋದೂ ಹಾಕೋದೂ ಅದೇ ಸಾಲು. ಅಲಬಾಮಾದಲ್ಲಿ ಹೆಚ್ಚುಕಡಿಮೆ 1 ಲಕ್ಷ 80 ಸಾವಿರ ಕಪ್ಪು ಗಂಡಸರಿಗೆ ಓಟಿನ ಅರ್ಹತೆ ಇತ್ತು. ಹೊಸ ಸಂವಿಧಾನ ಬಂದ ಮೇಲೆ ಪಟ್ಟಿಯಲ್ಲಿ ಉಳಿದದ್ದು 3 ಸಾವಿರಕ್ಕೂ ಕಡಿಮೆ. ತಲೆಗಂದಾಯ ಕಟ್ಟಲಾಗದ ಬಡ ಬಿಳಿಯರೂ ಸಾವಿರಗಟ್ಟಲೆ ಓಟು ಕಳೆದುಕೊಂಡರು.

ಕೋರ್ಟಿಗೆ ಹೋಗಬಹುದಿತ್ತಲ್ವಾ? ಹೋದರು. ಮಾಂಟ್ಗೊಮರಿಯ ಜಾಕ್ಸನ್ ಗೈಲ್ಸ್ ಕೇಸು ಹಾಕಿದ. ಬೂಕರ್ ಟಿ. ವಾಷಿಂಗ್ಟನ್ ಗುಟ್ಟಾಗಿ ಹಣ ಒದಗಿಸಿದರು. 1903ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ತಿರುಳು ಇಷ್ಟು: ಇಡೀ ಪಟ್ಟಿಯೇ ಮೋಸದ್ದು ಅಂತ ನೀನೇ ಹೇಳ್ತೀಯ, ಮೋಸದ ಪಟ್ಟಿಗೆ ನಿನ್ನ ಹೆಸರು ಸೇರಿಸು ಅಂತ ನಾವು ಹೇಗೆ ಹೇಳೋದು? ಪರಿಹಾರ ಬೇಕಿದ್ರೆ ರಾಜಕೀಯವಾಗಿ ಪಡ್ಕೊ. ಓಟೇ ಇಲ್ಲದವನಿಗೆ ರಾಜಕೀಯವಾಗಿ ಪಡ್ಕೊ ಅಂದ್ರೆ ಏನು ಹೇಳೋದು!

ಓಟು ಹೋದರೆ ನ್ಯಾಯವೂ ಹೋಗುತ್ತೆ. ಅಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ 9 ನ್ಯಾಯಾಧೀಶರು. ಇವತ್ತಿಗೂ ಅವರು ಪಕ್ಷದ ಹೆಸರಲ್ಲಿ ಚುನಾವಣೆಗೆ ನಿಂತು, 6 ವರ್ಷಕ್ಕೆ ಆರಿಸಿ ಬರಬೇಕು. ಆ ಕೋರ್ಟಿಗೆ ಮೊದಲ ಕಪ್ಪು ನ್ಯಾಯಾಧೀಶ ಆಸ್ಕರ್ ಆಡಮ್ಸ್ ಬಂದದ್ದು 1980ರಲ್ಲಿ. ಜ್ಯೂರಿಯಲ್ಲೂ ಕಪ್ಪುಜನ ಇರಲಿಲ್ಲ. 1931ರಲ್ಲಿ ಸ್ಕಾಟ್ಸ್‌ಬರೊ ಎಂಬಲ್ಲಿ 9 ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಿ, 8 ಜನರಿಗೆ ಮರಣದಂಡನೆ ವಿಧಿಸಿದರು. ಕಪ್ಪುಜನರನ್ನ ಹೊರಗಿಟ್ಟಿಲ್ಲ ಅಂತ ತೋರಿಸೋಕೆ ಜ್ಯೂರಿ ಪಟ್ಟಿಯಲ್ಲಿ ಆಮೇಲೆ ಹೆಸರು ತುರುಕಿದ್ದರು. ವಕೀಲರು ಆ ರಿಜಿಸ್ಟರನ್ನೇ ದೆಹಲಿ ಇದ್ದಂಗಿರೋ ವಾಷಿಂಗ್ಟನ್‌ಗೆ ಹೊತ್ತುಕೊಂಡು ಹೋದರು. ನ್ಯಾಯಮೂರ್ತಿಗಳು ಭೂತಗನ್ನಡಿ ಹಿಡಿದು ನೋಡಿದರು. 1935ರಲ್ಲಿ ಶಿಕ್ಷೆ ರದ್ದಾಯ್ತು. ಆದರೂ ಅಲಬಾಮಾ ಮತ್ತೆ ವಿಚಾರಣೆ ನಡೆಸಿ ಕೆಲವರನ್ನು ವರ್ಷಗಟ್ಟಲೆ ಜೈಲಲ್ಲಿಟ್ಟಿತು. ಕೊನೆಯ ಮೂವರಿಗೆ ಕ್ಷಮಾದಾನ ಸಿಕ್ಕಿದ್ದು 2013ರಲ್ಲಿ, ಅವರೆಲ್ಲ ಸತ್ತ ಮೇಲೆ.

ಇನ್ನು ನಮ್ಮ ನಂಟಿನ ವಿಷಯ. ಲೌಂಡ್ಸ್ ಕೌಂಟಿಯಲ್ಲಿ ಆಗ ಹತ್ತರಲ್ಲಿ ಎಂಟು ಜನ ಕಪ್ಪುಜನರಿದ್ದರು. 1965ರ ಶುರುವಿನಲ್ಲಿ ಅಲ್ಲಿ ಒಬ್ಬ ಕಪ್ಪು ಮತದಾರನೂ ಇರಲಿಲ್ಲ. ಆ ವರ್ಷ ಸೆಲ್ಮಾ ಮೆರವಣಿಗೆ ನಡೀತು, ಮತದಾನ ಹಕ್ಕು ಕಾಯ್ದೆ ಬಂತು, ಜನ ತಮ್ಮದೇ ಪಕ್ಷ ಕಟ್ಟಿದರು. ಓದು ಬಾರದವರಿಗಾಗಿ ಪಕ್ಷಕ್ಕೊಂದು ಚಿಹ್ನೆ ಬೇಕಿತ್ತು. ಆಳುವ ಪಕ್ಷದ ಚಿಹ್ನೆ ಬಿಳಿ ಹುಂಜ, ಜೊತೆಗೆ ಬಿಳಿಯರ ಮೇಲುಗೈ ಅನ್ನೋ ಘೋಷಣೆ. ಇವರು ಆರಿಸಿದ್ದು ಕರಿ ಚಿರತೆ. ಅದೇ ಚಿರತೆ ಓಕ್ಲೆಂಡ್‌ನ ಬ್ಲ್ಯಾಕ್ ಪ್ಯಾಂಥರ್ ಪಕ್ಷಕ್ಕೆ ಹೋಯ್ತು. ಅಲ್ಲಿಂದ 1972ರಲ್ಲಿ ಮುಂಬೈನ ದಲಿತ ಪ್ಯಾಂಥರ್ಸ್ ಹೆಸರಿಗೆ ಬಂತು. ಹತ್ತಿ ಹೊಲದ ಗೇಣಿದಾರರು ಆರಿಸಿದ ಗುರುತು ನಮ್ಮ ಕೇರಿಗಳವರೆಗೂ ಬಂದದ್ದು ಹೀಗೆ. ಲೌಂಡ್ಸ್ ಜನ 1966ರಲ್ಲಿ ಸೋತರು. 1970ರಲ್ಲಿ ಅವರ ನಾಯಕ ಜಾನ್ ಹ್ಯೂಲೆಟ್ ಅದೇ ಕೌಂಟಿಯ ಶೆರಿಫ್ ಆದ.

ಅಷ್ಟಾದ ಮೇಲೂ ಪುಸ್ತಕದ ಸಾಲುಗಳು ಬೇಗ ಸಾಯಲಿಲ್ಲ. ಕಪ್ಪು-ಬಿಳಿ ಮದುವೆ ನಿಷೇಧ 1967ರಲ್ಲೇ ಕೋರ್ಟಲ್ಲಿ ಬಿದ್ದಿತ್ತು. ಅಲಬಾಮಾ ಅದನ್ನ ಸಂವಿಧಾನದಿಂದ ತೆಗೆದದ್ದು 2000ದಲ್ಲಿ. ಆಗಲೂ ನೂರಕ್ಕೆ ಸುಮಾರು 40 ಜನ ಬೇಡ ಅಂತ ಓಟು ಹಾಕಿದರು. ಉಳಿದ ಜನಾಂಗೀಯ ಸಾಲುಗಳು ಹೋದದ್ದು 2022ರಲ್ಲಿ.

ಸಂವಿಧಾನ ಎಷ್ಟೇ ಒಳ್ಳೇದಿದ್ದರೂ ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತೆ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದು ಎಚ್ಚರಿಸಿದ್ದರು. ಓದು, ಆಸ್ತಿ, ನಡತೆ ಯಾವುದನ್ನೂ ಕೇಳದೆ ಎಲ್ಲ ವಯಸ್ಕರಿಗೂ ಓಟು ಕೊಟ್ಟ 326ನೇ ವಿಧಿ ಎಷ್ಟು ದೊಡ್ಡದು ಅಂತ ಅಲಬಾಮಾ ನೋಡಿದಾಗ ಗೊತ್ತಾಗುತ್ತೆ. ಹಾಗಾಗಿ ಯಾವುದೇ ಹೊಸ ನಿಯಮ ಬಂದಾಗ ಅದರಲ್ಲಿ ಜಾತಿ ಹೆಸರಿದೆಯಾ ಅಂತ ಹುಡುಕಿ ಸುಮ್ಮನಾಗಬೇಡಿ. ಯಾವ ದಾಖಲೆ ಕೇಳ್ತಾರೆ, ಅದು ಯಾರ ಹತ್ರ ಇರಲ್ಲ, ತೀರ್ಮಾನ ಮಾಡೋನು ಯಾರು ಅಂತ ನೋಡಿ. ಮತದಾರರ ಪಟ್ಟಿ ಬಂದಾಗ ನಿಮ್ಮ ಕೇರಿಯ ಹೆಸರುಗಳನ್ನ ಒಂದೊಂದಾಗಿ ಓದಿ.

ಜೈಭೀಮ್.