ಶಂಶಾಬಾದಿನ ಮಳೆ, ಐವತ್ತು ಕಿಲೋಮೀಟರಿನ ಚೌಕ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ಪರಿಹಾರ ಸೂಚಿಸಲು ನಿಜಾಮರ ಸರ್ಕಾರ ಕರೆಸಿಕೊಂಡದ್ದು ಎಂ. ವಿಶ್ವೇಶ್ವರಯ್ಯನವರನ್ನು. ಅವರು ಮುಂದಿಟ್ಟುಕೊಂಡ ದಾಖಲೆಯಲ್ಲಿ ಶಂಶಾಬಾದ್ ಮಳೆಮಾಪಕದ ಅಂಕಿಯೂ ಇತ್ತು: 24 ಗಂಟೆಗಳಲ್ಲಿ 12.8 ಇಂಚು, 48 ಗಂಟೆಗಳಲ್ಲಿ 18.9 ಇಂಚು. ಮುಂದೆ ಉಸ್ಮಾನ್ ಸಾಗರವೂ ಶಂಶಾಬಾದಿನ ನೆರೆಯ ಹಿಮಾಯತ್ ಸಾಗರವೂ ಕಟ್ಟಲ್ಪಟ್ಟವು. ಅಂಥ ಮಳೆ ಮುಂದಿನ ತಲೆಮಾರಿಗೆ ಎಷ್ಟು ಸಲ ಬಂದೀತೆಂದು ಲೆಕ್ಕಹಾಕುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ.

ಕಂಪ್ಯೂಟರ್ ಬಂದ ಮೇಲೂ ಬಹುಕಾಲ ಇರಲಿಲ್ಲ. ಹವಾಮಾನವನ್ನು ಲೆಕ್ಕಹಾಕುವ ಜಾಗತಿಕ ಮಾದರಿಗಳು ಭೂಮಿಯನ್ನು ನೂರಾರು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸುತ್ತಿದ್ದವು. ಅವುಗಳಲ್ಲಿ ಪಶ್ಚಿಮ ಘಟ್ಟವೇ ಸವೆದು ದಿಬ್ಬವಾಗುತ್ತಿತ್ತು. ಘಟ್ಟವಿಲ್ಲದೆ ಆಗುಂಬೆಯ ಮಳೆ ಎಲ್ಲಿಂದ ಬರಬೇಕು, ಚಿತ್ರದುರ್ಗದ ಬರ ಹೇಗೆ ಅರ್ಥವಾಗಬೇಕು? 1989ರ ಹೊತ್ತಿಗೆ ಅಮೆರಿಕದಲ್ಲಿ ಡಿಕಿನ್ಸನ್, ಜಾರ್ಜಿ ಮುಂತಾದ ವಿಜ್ಞಾನಿಗಳು ದಾರಿಯೊಂದನ್ನು ತೋರಿಸಿದರು. ಜಾಗತಿಕ ಮಾದರಿಯ ಗಾಳಿ, ತೇವ, ಉಷ್ಣತೆಗಳನ್ನು ಅಂಚಿನಿಂದ ಒಳಬಿಟ್ಟು, ಒಂದು ಪ್ರದೇಶವನ್ನಷ್ಟೇ ಸಣ್ಣ ಚೌಕಗಳಲ್ಲಿ ಲೆಕ್ಕಹಾಕುವುದು. ಅಂಚಿನಲ್ಲಿ ತಪ್ಪು ಒಳಬಂದರೆ ಅದು ಒಳಗೂ ಹರಡುತ್ತದೆ. ಆ ದೋಷ ಇಂದಿಗೂ ತಪ್ಪಿಲ್ಲ.

ಬಡದೇಶಗಳ ಕಥೆ ತಿರುವು ಪಡೆದದ್ದು ಇಟಲಿಯ ಟ್ರಿಯೆಸ್ಟ್‌ನಲ್ಲಿ. ಅಬ್ದುಸ್ ಸಲಾಂ 1964ರಲ್ಲಿ ಅಲ್ಲಿ ಕಟ್ಟಿದ ಭೌತವಿಜ್ಞಾನ ಕೇಂದ್ರಕ್ಕೆ ಜಾರ್ಜಿ ಸೇರಿದ ಮೇಲೆ ರೆಗ್‌ಸಿಎಂ ಎಂಬ ಇಂಥ ಪ್ರಾದೇಶಿಕ ಮಾದರಿಯನ್ನು ಏಷ್ಯಾ, ಆಫ್ರಿಕಾದ ಸಂಶೋಧಕರಿಗೆ ಮುಕ್ತವಾಗಿ ಕೊಟ್ಟು, ಕಲಿಸಿ, ಜಾಲವನ್ನೇ ಬೆಳೆಸಿದರು. ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರ ಮೇಜಿನ ಮೇಲಿನ ಕಂಪ್ಯೂಟರಿನಲ್ಲೇ ಓಡುವ 'ಪ್ರಿಸಿಸ್' ಮಾದರಿ ಕೊಟ್ಟಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಅದನ್ನು 50 ಕಿ.ಮೀ. ಚೌಕಗಳಲ್ಲಿ ಓಡಿಸಿ, 2006ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಭಾರತದ ಶತಮಾನಾಂತ್ಯದ ಚಿತ್ರ ಪ್ರಕಟಿಸಿತು. ಘಟ್ಟದ ಗಾಳಿಮುಖದ ಮಳೆಯೂ ಬೆನ್ನಿನ ಮಳೆನೆರಳೂ ಅದರಲ್ಲಿ ಕಂಡವು. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಹೆಜ್ಜೆ ಯಾವುದೇ ಸೂಪರ್‌ಕಂಪ್ಯೂಟರ್ ಅಲ್ಲ, ಈ ಹಂಚಿಕೆಯೇ.

ಮುಂದಿನದು ಬೇಗ ನಡೆಯಿತು. 2009ರಲ್ಲಿ ಕಾರ್ಡೆಕ್ಸ್ ಯೋಜನೆ ಎಲ್ಲ ಖಂಡಗಳ ಪ್ರಾದೇಶಿಕ ಮಾದರಿಗಳಿಗೂ ಒಂದೇ ಪ್ರಯೋಗಕ್ರಮ ತಂದಿತು. ದಕ್ಷಿಣ ಏಷ್ಯಾದ ಹೊಣೆ ಪುಣೆ ಹೊತ್ತಿತು. 2018ರಲ್ಲಿ ಅಲ್ಲಿಗೆ 'ಪ್ರತ್ಯೂಷ್', 2024ರಲ್ಲಿ 'ಅರ್ಕ' ಗಣಕಗಳು ಬಂದವು. 2020ರ ಭಾರತೀಯ ಹವಾಮಾನ ವರದಿಯ ಹೊತ್ತಿಗೆ ನಮ್ಮದೇ ಭೂವ್ಯವಸ್ಥಾ ಮಾದರಿಯೂ ಇತ್ತು.

ಆದರೆ ಅದೇ ವರ್ಷದ ಅಕ್ಟೋಬರ್ 13-14ರಂದು ಹೈದರಾಬಾದಿನಲ್ಲಿ ಮತ್ತೆ ನೀರು ನುಗ್ಗಿತು. ಘಟ್‌ಕೇಸರ್ ಬಳಿ ಸುಮಾರು 32 ಸೆಂ.ಮೀ. ಸುರಿಯಿತು. ಅಲ್ಲಿಂದ ಶಂಶಾಬಾದ್ ನೇರ ರೇಖೆಯಲ್ಲಿ 40 ಕಿ.ಮೀ.ಗಿಂತ ಕಡಿಮೆ. 50 ಕಿ.ಮೀ. ಚೌಕಕ್ಕೆ ಇವೆರಡೂ ಒಂದೇ ಊರಾಗಬಹುದು. ಮೋಡದ ಒಳಗಿನ ಚಲನೆಯನ್ನೇ ಲೆಕ್ಕಹಾಕಲು ಮೂರು-ನಾಲ್ಕು ಕಿಲೋಮೀಟರಿನ ಚೌಕ ಬೇಕು. ಚೌಕ ಅಷ್ಟು ಕುಗ್ಗಿದಾಗ ಮಾದರಿ ಹೇಳಿದ್ದು ಸರಿಯೇ ಎಂದು ಪರೀಕ್ಷಿಸಲು ಅಷ್ಟೇ ಒತ್ತಾದ ಅಳತೆಗಳೂ ಬೇಕು.

ಈ ವಿಷಯದಲ್ಲಿ ಕರ್ನಾಟಕ ಮುಂದಿದೆ: ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕ ಜಾಲ ಹಬ್ಬಿಸಿದೆ. ಹವಾಮಾನದ ಸರಾಸರಿಗೆ ಮೂವತ್ತು ವರ್ಷದ ದಾಖಲೆ ಬೇಕು, ಈ ಜಾಲಕ್ಕೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಅಲ್ಲಿಯವರೆಗೆ ಮಳೆಮಾಪಕಗಳು ಕೆಡದಂತೆ ನೋಡಿಕೊಳ್ಳಲು, ಅಂಕಿಗಳನ್ನು ವಿದ್ಯಾರ್ಥಿಗಳಿಗೂ ತೆರೆದಿಡಲು ಸರ್ಕಾರ ಹಣ ಮೀಸಲಿಡಬೇಕು.