ಕಂಡವರ ಯುದ್ಧಕ್ಕೆ ಹೋದವರು - ಅಬ್ಖಾಜಿಯಾ, 1992-93

'ಟ್ಯಾಂಜರೀನ್ಸ್' ಅಂತ ಒಂದು ಸಿನಿಮಾ ಇದೆ. 2013ರದ್ದು, ಜಾಜಾ ಉರುಷಾಡ್ಜೆ ನಿರ್ದೇಶನ, ಎಸ್ಟೋನಿಯಾದ ಪರವಾಗಿ ಆಸ್ಕರ್‌ಗೂ ನಾಮಿನೇಟ್ ಆಗಿತ್ತು. ಕಪ್ಪು ಸಮುದ್ರದ ದಂಡೆಯಲ್ಲಿ ಕಿತ್ತಳೆ ಜಾತಿಯ ಹಣ್ಣು ಬೆಳೆಯುವ ಒಂದು ಹಳ್ಳಿ. ಯುದ್ಧ ಶುರುವಾಗಿ ಊರೆಲ್ಲಾ ಖಾಲಿ. ಉಳಿದಿರುವ ಮುದುಕನೊಬ್ಬ ಮನೆ ಮುಂದೆ ಗಾಯಗೊಂಡು ಬಿದ್ದಿದ್ದ ಇಬ್ಬರನ್ನು ಒಳಗೆ ತಂದು ಆರೈಕೆ ಮಾಡ್ತಾನೆ. ಒಬ್ಬ ಜಾರ್ಜಿಯಾದವನು, ಇನ್ನೊಬ್ಬ ಚೆಚೆನ್. ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲೋದಕ್ಕೆ ಕಾಯ್ತಿರುವವರು. ನೋಡಿಲ್ಲದಿದ್ದರೆ ಖಂಡಿತ ನೋಡಿ, ಕಥೆ ಇದಕ್ಕಿಂತ ಹೆಚ್ಚು ಹೇಳಲ್ಲ :)

ಸಿನಿಮಾ ಮುಗಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಆ ಚೆಚೆನ್ ಅಲ್ಲೇನು ಮಾಡ್ತಿದ್ದ? ಮ್ಯಾಪ್ ತೆಗೆದು ನೋಡಿ. ಚೆಚೆನ್ಯಾಗೂ ಅಬ್ಖಾಜಿಯಾಗೂ ಗಡಿಯೇ ಇಲ್ಲ. ಮಧ್ಯದಲ್ಲಿ ಕಾಕಸಸ್ ಪರ್ವತ ಇದೆ, ನಾಲ್ಕಾರು ಜನಾಂಗಗಳಿವೆ. ಭಾಷೆ ಬೇರೆ. ಸಿನಿಮಾದವನು ದುಡ್ಡಿಗಾಗಿ ಬಂದವನು. ಆದರೆ ಇತಿಹಾಸ ಕೆದಕುತ್ತಾ ಹೋದರೆ ದುಡ್ಡಿಗಲ್ಲದೆ, ತಾವಾಗಿಯೇ ಬಂದವರು ನೂರಾರು ಜನ ಸಿಗ್ತಾರೆ. ಅದೂ ಒಂದೇ ಕಡೆಗಲ್ಲ, ಎರಡೂ ಕಡೆಗೆ! ಅವರ ಕಥೆ ಇದು.

ಮೊದಲು ಸ್ವಲ್ಪ ಹಿನ್ನೆಲೆ. ಅಬ್ಖಾಜಿಯಾ ಅನ್ನೋದು ಕಪ್ಪು ಸಮುದ್ರಕ್ಕೂ ಕಾಕಸಸ್‌ಗೂ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ಪಟ್ಟಿ. ಸೋವಿಯತ್ ಕಾಲದಲ್ಲಿ ದೊಡ್ಡ ದೊಡ್ಡ ನಾಯಕರು ರಜೆ ಕಳೆಯೋದಕ್ಕೆ ಬರ್ತಿದ್ದ ಜಾಗ. 1921ರಲ್ಲಿ ಅದಕ್ಕೆ ಪ್ರತ್ಯೇಕ ಗಣರಾಜ್ಯದ ಸ್ಥಾನ ಇತ್ತು. 1931ರಲ್ಲಿ ಅದನ್ನು ಜಾರ್ಜಿಯಾದೊಳಗಿನ ಸ್ವಾಯತ್ತ ಗಣರಾಜ್ಯವಾಗಿ ಇಳಿಸಿದರು. ಆಮೇಲೆ ಸ್ಟಾಲಿನ್-ಬೆರಿಯಾ ಕಾಲದಲ್ಲಿ ಜಾರ್ಜಿಯನ್ನರನ್ನು ದೊಡ್ಡ ಸಂಖ್ಯೆಯಲ್ಲಿ ತಂದು ನೆಲೆಗೊಳಿಸಿದರು. 1989ರ ಜನಗಣತಿ ಹೊತ್ತಿಗೆ ಲೆಕ್ಕ ಹೀಗಿತ್ತು: ಒಟ್ಟು 5 ಲಕ್ಷ 25 ಸಾವಿರ ಜನರಲ್ಲಿ ಜಾರ್ಜಿಯನ್ನರು ಸುಮಾರು 2 ಲಕ್ಷ 40 ಸಾವಿರ, ಅಬ್ಖಾಜ್ ಜನ ಬರೀ 93 ಸಾವಿರ. ತಮ್ಮದೇ ಹೆಸರಿನ ನಾಡಿನಲ್ಲಿ ನೂರಕ್ಕೆ ಹದಿನೆಂಟು ಮಂದಿ ಕೂಡ ಇಲ್ಲ.

ಈ ಭಯಕ್ಕೆ ಇನ್ನೂ ಹಳೆಯ ಬೇರಿದೆ. 1864ರಲ್ಲಿ ರಷ್ಯಾ ಸಾಮ್ರಾಜ್ಯ ಕಾಕಸಸ್ ಯುದ್ಧ ಗೆದ್ದ ಮೇಲೆ ಸರ್ಕೇಶಿಯನ್ನರು, ಅಬ್ಖಾಜ್‌ಗಳು ಲಕ್ಷಗಟ್ಟಲೆ ಜನ ಊರು ಬಿಟ್ಟು ಆಟೋಮನ್ ತುರ್ಕಿಗೆ ಹೋಗಬೇಕಾಯಿತು. ಇವತ್ತಿಗೂ ತುರ್ಕಿ, ಸಿರಿಯಾ, ಜೋರ್ಡಾನ್‌ಗಳಲ್ಲಿ ಅವರ ಮರಿಮೊಮ್ಮಕ್ಕಳಿದ್ದಾರೆ. ಖಾಲಿಯಾದ ಹಳ್ಳಿಗಳಿಗೆ ಬೇರೆಯವರು ಬಂದರು. ಸಿನಿಮಾದ ಎಸ್ಟೋನಿಯನ್ ಮುದುಕನ ಪೂರ್ವಜರು ಅಲ್ಲಿಗೆ ಬಂದದ್ದೂ ಆ ಶತಮಾನದ ಕೊನೆಯ ದಶಕಗಳಲ್ಲೇ.

ಹಾಗಂತ ಜಾರ್ಜಿಯನ್ನರು ಅಲ್ಲಿ ನಿನ್ನೆ ಮೊನ್ನೆ ಬಂದವರು ಅಂತಲೂ ಹೇಳೋ ಹಾಗಿಲ್ಲ. ಶತಮಾನಗಳಿಂದ ಇದ್ದವರೂ ಇದ್ದರು, ಅಲ್ಲೇ ಹುಟ್ಟಿ ಬೆಳೆದ ಎರಡು ಮೂರು ತಲೆಮಾರಿನವರೂ ಇದ್ದರು. ಅವರ ಪಾಲಿಗೆ ಅದು ಜಾರ್ಜಿಯಾದ್ದೇ ನೆಲ. ಇಬ್ಬರ ಹತ್ತಿರವೂ ಇತಿಹಾಸದ ಪುಸ್ತಕ ಇತ್ತು, ಇಬ್ಬರೂ ಬೇರೆ ಬೇರೆ ಪುಟ ತೆರೆದು ಕೂತಿದ್ದರು ಅಷ್ಟೇ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಇದು ಸ್ಫೋಟ ಆಗೋದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. 1992ರ ಜುಲೈನಲ್ಲಿ ಅಬ್ಖಾಜ್ ನಾಯಕರು ತಮ್ಮ 1925ರ ಸಂವಿಧಾನಕ್ಕೆ ಮರಳುವುದಾಗಿ ಘೋಷಿಸಿದರು. ಆಗಸ್ಟ್ 14ರಂದು ಜಾರ್ಜಿಯಾದ ನ್ಯಾಷನಲ್ ಗಾರ್ಡ್ ಟ್ಯಾಂಕುಗಳ ಸಮೇತ ಒಳನುಗ್ಗಿತು. ಅಬ್ಖಾಜ್ ನಾಯಕತ್ವ ರಾಜಧಾನಿ ಸುಖುಮಿ ಬಿಟ್ಟು ಗುಡೌಟಾ ಅನ್ನೋ ಊರಿಗೆ ಓಡಿತು.

ಈ ಯುದ್ಧ ನಡೆಸಿದವರ ಬಯೋಡೇಟಾ ನೋಡಿದರೆ ತಮಾಷೆ ಅನ್ನಿಸುತ್ತೆ. ಅಬ್ಖಾಜ್ ನಾಯಕ ವ್ಲಾಡಿಸ್ಲಾವ್ ಅರ್ಡ್‌ಜಿನ್ಬಾ ಪ್ರಾಚೀನ ಹಿಟ್ಟೈಟರ ಬಗ್ಗೆ ಸಂಶೋಧನೆ ಮಾಡಿದ ವಿದ್ವಾಂಸ. ಟ್ಯಾಂಕ್ ನುಗ್ಗಿಸಿದ ಟೆಂಗಿಜ್ ಕಿಟೊವಾನಿ ಒಬ್ಬ ಶಿಲ್ಪಿ. ಜಾರ್ಜಿಯಾದ ಇನ್ನೊಂದು ಖಾಸಗಿ ಸೇನೆ 'ಮ್ಖೆಡ್ರಿಯೋನಿ'ಯ ಯಜಮಾನ ಜಾಬಾ ಐಯೊಸೆಲಿಯಾನಿ ದರೋಡೆ ಕೇಸಿನಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದು, ಆಮೇಲೆ ನಾಟಕಶಾಸ್ತ್ರದ ಪ್ರೊಫೆಸರ್ ಆದವನು! ಇವರೆಲ್ಲರ ಮೇಲೆ ಎಡ್ವರ್ಡ್ ಶೆವರ್ಡ್‌ನಾಡ್ಜೆ, ಗೋರ್ಬಚೆವ್ ಕಾಲದಲ್ಲಿ ಶೀತಲಸಮರ ಮುಗಿಸಿದ ವಿದೇಶಾಂಗ ಮಂತ್ರಿ ಅಂತ ಜಗತ್ತೆಲ್ಲಾ ಹೊಗಳಿದ ಮನುಷ್ಯ. ಓದಿಕೊಂಡವರು ಯುದ್ಧ ಮಾಡಲ್ಲ ಅನ್ನೋರಿಗೆ ಈ ಪಟ್ಟಿ ತೋರಿಸಬೇಕು.

ಈಗ ಬರೋದು ಸ್ವಯಂಸೇವಕರು. 1989ರಲ್ಲೇ ಸುಖುಮಿಯಲ್ಲಿ ಕಾಕಸಸ್‌ನ ಬೆಟ್ಟದ ಜನಾಂಗಗಳೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. 1991ರಲ್ಲಿ ಅದು 'ಕಾಕಸಸ್ ಪರ್ವತ ಜನಾಂಗಗಳ ಒಕ್ಕೂಟ' ಆಯಿತು. ಅಧ್ಯಕ್ಷ ಮೂಸಾ ಶಾನಿಬೋವ್, ನಾಲ್ಚಿಕ್ ಊರಿನ ಮೇಷ್ಟ್ರು, ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂನ ಅಭಿಮಾನಿ. (ಈತನ ಮೇಲೆ ಗಿಯೋರ್ಗಿ ಡೆರ್ಲುಗಿಯನ್ ಒಂದು ಇಡೀ ಪುಸ್ತಕ ಬರೆದಿದ್ದಾರೆ.) ಜಾರ್ಜಿಯಾದ ಟ್ಯಾಂಕು ಸುಖುಮಿಗೆ ಬಂದ ಸುದ್ದಿ ಕೇಳಿದ್ದೇ ತಡ, ಒಕ್ಕೂಟ ತನ್ನ ಯುವಕರಿಗೆ ಕರೆ ಕೊಟ್ಟಿತು. ಕಬಾರ್ದಾ, ಅದಿಗೆಯಾ, ಚೆಚೆನ್ಯಾ ಕಡೆಗಳಿಂದ ಹುಡುಗರು ಪರ್ವತದ ಕಣಿವೆ ದಾರಿಗಳನ್ನು ದಾಟಿ ಬಂದರು. ತುರ್ಕಿ, ಸಿರಿಯಾಗಳಿಂದ ಮರಿಮೊಮ್ಮಕ್ಕಳು, ಅಜ್ಜಂದಿರು ಬಿಟ್ಟುಹೋದ ನಾಡನ್ನು ಮೊದಲ ಸಲ ನೋಡಿದ್ದೇ ಕೈಯಲ್ಲಿ ಬಂದೂಕು ಹಿಡಿದು. ವಿಚಿತ್ರ ಅಂದ್ರೆ ರಷ್ಯಾದಿಂದ ಕೊಸಾಕ್‌ಗಳೂ ಬಂದರು. ಯಾವ ಕೊಸಾಕ್‌ಗಳ ಅಜ್ಜಂದಿರು 19ನೇ ಶತಮಾನದಲ್ಲಿ ಈ ಬೆಟ್ಟದ ಜನರನ್ನು ಓಡಿಸಿದ್ದರೋ ಅದೇ ಕೊಸಾಕ್‌ಗಳು ಈಗ ಅದೇ ಬೆಟ್ಟದ ಹುಡುಗರ ಪಕ್ಕದ ಕಂದಕದಲ್ಲಿ!

ಚೆಚೆನ್ ಹುಡುಗರ ಮುಂದಾಳು ಶಾಮಿಲ್ ಬಸಾಯೆವ್. ಇವನ ಬಗ್ಗೆ ಓದುವಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1965ರಲ್ಲಿ ಹುಟ್ಟಿದವನು, ಅಂದ್ರೆ ಅಬ್ಖಾಜಿಯಾಗೆ ಹೊರಟಾಗ ವಯಸ್ಸು 27. ಹೆಚ್ಚೂ ಕಡಿಮೆ ನನ್ನ ವಯಸ್ಸು. ಮಾಸ್ಕೋದಲ್ಲಿ ಇಂಜಿನಿಯರಿಂಗ್ ಕಾಲೇಜು ಸೇರಿ ಅರ್ಧಕ್ಕೇ ಬಿಟ್ಟವನು. ಆಮೇಲೆ ಅಲ್ಲೇ ಕಂಪ್ಯೂಟರ್ ಮಾರ್ತಿದ್ದನಂತೆ. ನಮ್ಮ ಟೀಮಿನಲ್ಲೇ ಯಾರೋ ಒಬ್ಬ ಆಗಬಹುದಿತ್ತು. 1991ರ ಆಗಸ್ಟಿನಲ್ಲಿ ಯೆಲ್ತ್‌ಸಿನ್ ಪರವಾಗಿ ಮಾಸ್ಕೋದ ಬೀದಿಯಲ್ಲಿ ನಿಂತಿದ್ದೆ ಅಂತ ಹೇಳಿಕೊಳ್ಳುತ್ತಿದ್ದ. ಅದೇ ವರ್ಷ ನವೆಂಬರಿನಲ್ಲಿ ಯೆಲ್ತ್‌ಸಿನ್ ವಿರುದ್ಧ ವಿಮಾನ ಅಪಹರಿಸಿ ಅಂಕಾರಾಕ್ಕೆ ಹೋದ! ಮರುವರ್ಷ ಅಬ್ಖಾಜಿಯಾದಲ್ಲಿ ಒಕ್ಕೂಟದ ಪಡೆಗಳ ಕಮಾಂಡರ್.

ರಷ್ಯಾ ಏನು ಮಾಡ್ತಿತ್ತು ಅಂತ ಕೇಳಬಹುದು. ಬಾಯಲ್ಲಿ ಶಾಂತಿ ಮಂತ್ರ. ಶಾನಿಬೋವ್‌ನನ್ನು ಬಂಧಿಸಿದರು, ನಾಲ್ಚಿಕ್‌ನಲ್ಲಿ ಜನ ಬೀದಿಗಿಳಿದರು, ಆತ ಹೊರಗೆ ಬಂದ. ಇತ್ತ ಗುಡೌಟಾದಲ್ಲಿ ರಷ್ಯಾದ್ದೇ ಸೇನಾ ನೆಲೆ ಇತ್ತು. 1993ರ ಮಾರ್ಚಿನಲ್ಲಿ ಸುಖುಮಿ ಬಳಿ ಜಾರ್ಜಿಯಾದವರು ಒಂದು ಸುಖೋಯ್-27 ವಿಮಾನ ಹೊಡೆದುರುಳಿಸಿದಾಗ ಸತ್ತ ಪೈಲಟ್ ರಷ್ಯಾ ವಾಯುಪಡೆಯ ಅಧಿಕಾರಿ. ಬಸಾಯೆವ್‌ನ ಹುಡುಗರಿಗೆ ತರಬೇತಿ ಕೊಟ್ಟಿದ್ದೇ ರಷ್ಯಾದ ಸೇನಾ ಗುಪ್ತಚರರು ಅನ್ನೋ ಆರೋಪ ಆಮೇಲೆ ಎಷ್ಟೋ ಸಲ ಕೇಳಿಬಂತು. ಹಾವಿಗೆ ಹಾಲೆರೆಯೋದು ಅಂತಾರಲ್ಲ, ಹಾಗೆ.

1992ರ ಅಕ್ಟೋಬರ್ ಮೊದಲ ವಾರ ಅಬ್ಖಾಜ್ ಪಡೆ ಮತ್ತು ಸ್ವಯಂಸೇವಕರು ಗಾಗ್ರಾ ಪಟ್ಟಣ ಗೆದ್ದುಕೊಂಡರು. ಅದರಿಂದ ರಷ್ಯಾ ಗಡಿಯ ದಾರಿ ತೆರೆಯಿತು. ಯುದ್ಧದ ದಿಕ್ಕು ಬದಲಾದದ್ದು ಅಲ್ಲೇ. ಗೆದ್ದ ಮೇಲೆ ಊರಿನಲ್ಲಿದ್ದ ಜಾರ್ಜಿಯನ್ ನಾಗರಿಕರನ್ನು ಕೊಂದರು. ಇತ್ತ ಸುಖುಮಿಯಲ್ಲಿ ಅಕ್ಟೋಬರ್ 22ರಂದು ಜಾರ್ಜಿಯಾ ಕಡೆಯವರು ಅಬ್ಖಾಜ್ ರಾಜ್ಯ ಪತ್ರಾಗಾರಕ್ಕೂ, ಅಬ್ಖಾಜ್ ಭಾಷೆ-ಇತಿಹಾಸದ ಸಂಶೋಧನಾ ಸಂಸ್ಥೆಗೂ ಬೆಂಕಿ ಇಟ್ಟರು. ಅರ್ಡ್‌ಜಿನ್ಬಾ ಒಂದು ಕಾಲಕ್ಕೆ ಅದೇ ಸಂಸ್ಥೆಯ ನಿರ್ದೇಶಕನಾಗಿದ್ದ. 93 ಸಾವಿರ ಜನರ ಒಂದು ಭಾಷೆ, ಅದರ ದಾಖಲೆಯೆಲ್ಲಾ ಒಂದೇ ದಿನ ಬೂದಿ. ನಮ್ಮ ಶಾಸನಗಳು, ತಾಳೆಗರಿಗಳು ಎಲ್ಲಾ ಒಂದೇ ಕಟ್ಟಡದಲ್ಲಿದ್ದು ಅದು ಉರಿದುಹೋದರೆ ಹೇಗಿರುತ್ತೆ ಅಂತ ಒಮ್ಮೆ ಯೋಚಿಸಿ. ಡಿಸೆಂಬರಿನಲ್ಲಿ ಮುತ್ತಿಗೆಯಲ್ಲಿದ್ದ ಟ್ಕ್ವಾರ್ಚೆಲಿ ಊರಿಂದ ಹೆಂಗಸರು ಮಕ್ಕಳನ್ನು ಸಾಗಿಸುತ್ತಿದ್ದ ಹೆಲಿಕಾಪ್ಟರನ್ನೇ ಹೊಡೆದುಹಾಕಿದರು. ಯಾವ ಕಡೆಯವರ ಕೈಯೂ ಚೊಕ್ಕ ಇಲ್ಲ.

ಜಾರ್ಜಿಯಾದ ಪರವಾಗಿಯೂ ಹೊರಗಿನವರು ಬಂದರು ಅಂದೆನಲ್ಲ, ಅವರು ಉಕ್ರೇನಿನವರು. 'ಉನ್ಸೋ' ಅನ್ನೋ ಉಕ್ರೇನಿ ರಾಷ್ಟ್ರೀಯವಾದಿ ಸಂಘಟನೆಯವರು. ರಷ್ಯಾ ಎಲ್ಲಿದೆಯೋ ಅದರ ಎದುರು ಕಡೆ ನಾವು ಅನ್ನೋದು ಅವರ ಸರಳ ಗಣಿತ. 1993ರ ಬೇಸಿಗೆಯಲ್ಲಿ ಒಂದು ಸಣ್ಣ ತುಕಡಿ ಬಂದು ಸುಖುಮಿ ಬಳಿ ಕಾದಾಡಿತು. ಕೆಲವರು ಅಲ್ಲೇ ಸತ್ತರು. ಬದುಕಿದವರಲ್ಲಿ ಕೆಲವರಿಗೆ ಜಾರ್ಜಿಯಾ ಪದಕ ಕೊಟ್ಟಿತು. ಆದರೆ ಹಿಂದಿನ ವರ್ಷ, 1992ರಲ್ಲಿ, ಇದೇ ಉನ್ಸೋದವರು ಮಾಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ರಷ್ಯನ್ ಕೊಸಾಕ್‌ಗಳ ಜೊತೆಗೇ, ಒಂದೇ ಕಡೆ ನಿಂತಿದ್ದರು. ಅಲ್ಲಿ ಉಕ್ರೇನಿ ಜನ ಬಹಳ ಇದ್ದಾರೆ, ಅವರ ರಕ್ಷಣೆಗೆ ಅಂತ. ಒಂದೇ ವರ್ಷದಲ್ಲಿ ಗಣಿತ ಬದಲಾಯಿತು.

1993ರ ಜುಲೈ 27ರಂದು ಸೋಚಿಯಲ್ಲಿ ಕದನವಿರಾಮ ಆಯಿತು. ಒಪ್ಪಂದದಂತೆ ಜಾರ್ಜಿಯಾ ಸುಖುಮಿಯಿಂದ ಭಾರಿ ಶಸ್ತ್ರಗಳನ್ನು ತೆಗೆಯಿತು. ಸೆಪ್ಟೆಂಬರ್ 16ಕ್ಕೆ ಅಬ್ಖಾಜ್ ಕಡೆಯವರು ಒಪ್ಪಂದ ಮುರಿದು ದಾಳಿ ಮಾಡಿದರು. 27ಕ್ಕೆ ಸುಖುಮಿ ಬಿತ್ತು. ನಗರದಲ್ಲೇ ಇದ್ದ ಶೆವರ್ಡ್‌ನಾಡ್ಜೆ ಕೊನೆ ಗಳಿಗೆಯಲ್ಲಿ ಪಾರಾದ. ಜಾರ್ಜಿಯಾ ಪರ ಆಡಳಿತದ ಮುಖ್ಯಸ್ಥ ಝಿಯೂಲಿ ಶಾರ್ತಾವಾ ಸೆರೆಸಿಕ್ಕು ಕೊಲೆಯಾದ. ಆಮೇಲೆ ನಡೆದದ್ದು ಕೊಲೆ, ಲೂಟಿ. ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆ ಮಠ ಬಿಟ್ಟು ಓಡಿದರು. ಎಷ್ಟೋ ಜನ ಸ್ವಾನೇತಿಯ ಬೆಟ್ಟದ ದಾರಿಯಲ್ಲಿ ಹಿಮಕ್ಕೆ, ಹಸಿವಿಗೆ ಸತ್ತರು. 1864ರಲ್ಲಿ ಅಬ್ಖಾಜ್ ಅಜ್ಜಂದಿರಿಗೆ ಆದದ್ದು 1993ರಲ್ಲಿ ಪಕ್ಕದ ಮನೆಯವರಿಗೆ ಆಯಿತು. ಅದಕ್ಕೆ ಕೈ ಜೋಡಿಸಿದ್ದು 'ಸಹೋದರರನ್ನು ಉಳಿಸ್ತೀವಿ' ಅಂತ ಬಂದ ಹುಡುಗರು.

ಸಹೋದರತ್ವದ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಈ ಹುಡುಗರು ಗಾಗ್ರಾ ಗೆದ್ದ ಅದೇ ತಿಂಗಳ ಕೊನೆಗೆ, ಅತ್ತ ಬೆಟ್ಟದ ಉತ್ತರಕ್ಕೆ ಒಸ್ಸೇಟಿಯನ್ನರೂ ಇಂಗುಷ್ ಜನರೂ ಹೊಡೆದಾಡಿಕೊಂಡರು. ಹತ್ತಾರು ಸಾವಿರ ಇಂಗುಷ್ ಜನ ಊರು ಬಿಟ್ಟರು. ಕಾಕಸಸ್ ಏಕತೆಯ ಹೆಸರಲ್ಲಿ ಕಟ್ಟಿದ ಒಕ್ಕೂಟಕ್ಕೆ ಅದನ್ನು ತಡೆಯೋಕೆ ಆಗಲಿಲ್ಲ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಅನ್ನೋ ಗಾದೆ ಇದಕ್ಕೇ ಹುಟ್ಟಿದ್ದೇನೋ.

ಮುಂದೇನಾಯಿತು? 1994ರ ಡಿಸೆಂಬರಿನಲ್ಲಿ ರಷ್ಯಾ ಚೆಚೆನ್ಯಾ ಮೇಲೆ ಯುದ್ಧ ಸಾರಿತು. ಅಬ್ಖಾಜಿಯಾದಲ್ಲಿ ಪಳಗಿದ ಬಸಾಯೆವ್‌ನ ಪಡೆಗೆ 'ಅಬ್ಖಾಜ್ ಬೆಟಾಲಿಯನ್' ಅಂತಲೇ ಹೆಸರು. ಈಗ ಅವರ ಬಂದೂಕು ರಷ್ಯಾ ಕಡೆ ತಿರುಗಿತು. ಚೆಚೆನ್ನರ ನೆರವಿಗೆ ಬಂದವರಲ್ಲಿ ಉನ್ಸೋದ ಉಕ್ರೇನಿಗಳೂ ಇದ್ದರು! ಸುಖುಮಿಯಲ್ಲಿ ಎದುರಾಳಿಗಳು, ಗ್ರೋಜ್ನಿಯಲ್ಲಿ ಜೊತೆಗಾರರು. ಇತ್ತ ರಷ್ಯಾ ಚೆಚೆನ್ನರಿಗೆ ದಾರಿಯಾಗಬಾರದು ಅಂತ ಅಬ್ಖಾಜಿಯಾದ ಗಡಿಯನ್ನೇ ಮುಚ್ಚಿತು. 1995ರ ಜೂನಿನಲ್ಲಿ ಬಸಾಯೆವ್ ಬುಡ್ಯೋನೊವ್ಸ್ಕ್ ಆಸ್ಪತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಒತ್ತೆ ಇಟ್ಟುಕೊಂಡ, ನೂರಕ್ಕೂ ಹೆಚ್ಚು ಜನ ಸತ್ತರು. 2004ರಲ್ಲಿ ಬೆಸ್ಲಾನ್ ಶಾಲೆ. 330ಕ್ಕೂ ಹೆಚ್ಚು ಸಾವು, ಅರ್ಧಕ್ಕಿಂತ ಹೆಚ್ಚು ಮಕ್ಕಳು. ಹೊಣೆ ಹೊತ್ತವನು ಇದೇ ಬಸಾಯೆವ್. 2006ರ ಜುಲೈನಲ್ಲಿ ಸತ್ತ.

ಅಬ್ಖಾಜ್‌ಗಳ ಪರ ಹೋರಾಡಿದ್ದ ಇನ್ನೊಬ್ಬ ಚೆಚೆನ್ ರುಸ್ಲಾನ್ ಗೆಲಾಯೆವ್ 2001ರಲ್ಲಿ ಕೊಡೋರಿ ಕಣಿವೆಗೆ ವಾಪಸ್ ಬಂದ, ಈ ಸಲ ಜಾರ್ಜಿಯಾ ಕಡೆಯಿಂದ, ಅಬ್ಖಾಜ್‌ಗಳ ವಿರುದ್ಧ! ಆ ಗಲಾಟೆಯ ನಡುವೆ ವಿಶ್ವಸಂಸ್ಥೆಯ ಹೆಲಿಕಾಪ್ಟರ್ ಒಂದನ್ನು ಹೊಡೆದುರುಳಿಸಿ ಒಂಬತ್ತು ಜನ ಸತ್ತರು. ಟ್ರಾನ್ಸ್‌ನಿಸ್ಟ್ರಿಯಾ, ಬೋಸ್ನಿಯಾಗಳಿಗೆ ಸ್ವಯಂಸೇವಕನಾಗಿ ಹೋಗಿದ್ದ ಇಗೋರ್ ಗಿರ್ಕಿನ್ ಅನ್ನೋ ರಷ್ಯನ್ 2014ರಲ್ಲಿ ಪೂರ್ವ ಉಕ್ರೇನಿನಲ್ಲಿ ಬೆಂಕಿ ಹಚ್ಚಿದ. 2024ರಲ್ಲಿ ರಷ್ಯಾದ ಕೋರ್ಟೇ ಅವನಿಗೆ ನಾಲ್ಕು ವರ್ಷ ಜೈಲು ವಿಧಿಸಿತು.

ಅಬ್ಖಾಜಿಯಾದ ಕಥೆ? 2008ರ ಯುದ್ಧದ ಮೇಲೆ ರಷ್ಯಾ ಅದನ್ನು ಸ್ವತಂತ್ರ ದೇಶ ಅಂತ ಮಾನ್ಯ ಮಾಡಿತು. ಜೊತೆಗೆ ಒಪ್ಪಿದ್ದು ಬೆರಳೆಣಿಕೆಯ ದೇಶಗಳು. ಅಲ್ಲಿನ ಆಡಳಿತದ 2011ರ ಜನಗಣತಿ ಪ್ರಕಾರ ಜನಸಂಖ್ಯೆ ಸುಮಾರು 2 ಲಕ್ಷ 40 ಸಾವಿರ, 1989ರ ಅರ್ಧ ಕೂಡ ಇಲ್ಲ. ಗಾಲಿ ಜಿಲ್ಲೆಗೆ ಒಂದಷ್ಟು ಜನ ಮರಳಿದ್ದು ಬಿಟ್ಟರೆ, ಓಡಿಹೋದ ಜಾರ್ಜಿಯನ್ನರಲ್ಲಿ ಹೆಚ್ಚಿನವರು ವಾಪಸ್ ಬಂದಿಲ್ಲ.

ನನಗನ್ನಿಸೋದು ಇಷ್ಟು. 1992ರಲ್ಲಿ ಅಬ್ಖಾಜ್‌ಗಳ ಭಯ ಸುಳ್ಳಾಗಿರಲಿಲ್ಲ. ನೆರವಿಗೆ ಓಡಿಬಂದ ಎಲ್ಲಾ ಹುಡುಗರೂ ಕೆಟ್ಟವರಾಗಿರಲಿಲ್ಲ. ಆದರೆ ಹೊರಗಿಂದ ಬಂದವನಿಗೆ ಒಂದು ಸೌಲಭ್ಯ ಇರುತ್ತೆ. ಯುದ್ಧ ಮುಗಿದ ಮೇಲೆ ಅವನು ಎದುರು ಮನೆಯವರ ಮುಖ ನೋಡಿ ಬದುಕಬೇಕಾಗಿಲ್ಲ. ಹಾಲು ಯಾರ ಮನೆಯಿಂದ ಬರ್ತಿತ್ತು, ಮದುವೆಗೆ ಯಾರು ಬಂದಿದ್ದರು, ಇದ್ಯಾವುದೂ ಅವನಿಗೆ ಗೊತ್ತಿರಲ್ಲ. ಗೊತ್ತಿರೋದು ಇತಿಹಾಸ ಮಾತ್ರ. ಕಲಿತು ಹೋಗೋದು ಬಂದೂಕು. ಆ ವಿದ್ಯೆ ಮುಂದಿನ ಯುದ್ಧ ಹುಡುಕುತ್ತೆ. ದೂರದಲ್ಲಿ ಕೂತು ಓದಿದ ಅನ್ಯಾಯಗಳಿಗೆ ನಮ್ಮ ರಕ್ತವೂ ಕುದಿಯುತ್ತಲ್ಲ, ಅದಕ್ಕೇ ಈ ಕಥೆ ನನ್ನನ್ನು ಇಷ್ಟು ಕಾಡಿದ್ದು. ಅದು ಕುದಿಯೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಅಲ್ಲಿ ಉಳಿದು ಬದುಕಬೇಕಾದವರು ಯಾರು ಅಂತ ಮೊದಲು ಕೇಳಿಕೊಳ್ಳಬೇಕು ಅನ್ನಿಸುತ್ತೆ.

ನೀವೇನಂತೀರಿ? ಟ್ರಾನ್ಸ್‌ನಿಸ್ಟ್ರಿಯಾದ ಕಥೆ ಇದಕ್ಕಿಂತಲೂ ಗೋಜಲು, ಪುರುಸೊತ್ತಾದಾಗ ಅದನ್ನೂ ಬರೀತೀನಿ.